ಒಂದೇ ಹೆಪ್ಪು, ಎರಡು ಒಲೆ

ಮಾರ್ಚ್ ೪, ಸೋಮವಾರ

ಇವತ್ತು ಪ್ರಯೋಗಾಲಯದಲ್ಲಿ ಪಾಲಾಯಿತು. ಅಣ್ಣತಮ್ಮಂದಿರು ಪಾಲಾದರೆ ನಡುಮನೆಯಲ್ಲಿ ಗೋಡೆ ಎಬ್ಬಿಸುತ್ತಾರೆ. ನಾವು ಮೇಜಿನ ನಡುವೆ ಹಳದಿ ಟೇಪು ಅಂಟಿಸಿದೆವು. ಕಿಟಕಿಯ ಕಡೆ ನನ್ನದು, ಸಿಂಕಿನ ಕಡೆ ಆ ಮಹಾನುಭಾವನದು.

ಈ ಡೈರಿ ಹೊಸದು. ನಮ್ಮಜ್ಜಿ ಕೇಳುವವರು ಯಾರೂ ಇಲ್ಲದಿದ್ದರೆ ಕಂಬಕ್ಕೆ ಕಥೆ ಹೇಳುತ್ತಿದ್ದಳು. "ಕಂಬವಾದರೂ ಸರಿ, ಯಾರು ಯಾರು ಅಂತ ಮೊದಲು ಹೇಳಬೇಕು. ಇಲ್ಲದಿದ್ರೆ ಅದು ಹೂಂಗುಡೋದಾದರೂ ಹೇಗೆ?" ಎನ್ನುತ್ತಿದ್ದಳು. ಹಾಗಾಗಿ ಡೈರಿಯೆಂಬ ಕಂಬವೇ, ಕೇಳು. ಮಹಾನುಭಾವನ ಅಡ್ಡಹೆಸರು ಅರ್ಧಟೀ. ಎರಡು ವರ್ಷದಿಂದ ನನ್ನ ಜೊತೆ ಕೆಲಸ ಮಾಡುತ್ತಾನೆ. ನನಗಿಂತ ಹತ್ತು ವರ್ಷ ಚಿಕ್ಕವನು. ಜೀವಮಾನದಲ್ಲಿ ಒಂದು ಲೋಟ ಟೀ ಪೂರ್ತಿ ಕುಡಿದವನಲ್ಲ. ಅರ್ಧ ಕುಡಿದು, ಅರ್ಧ ಸಿಂಕಿನ ಪಕ್ಕ ಇಟ್ಟು ಮರೆಯುತ್ತಾನೆ. ನಾವು ಸಾಕುವುದು ಮೇಣದ ಹುಳುಗಳನ್ನು. ಜೇನುಗೂಡಿನ ಮೇಣ ತಿಂದು ಬೆಳೆಯುವ, ಬೆಳ್ಳಗೆ ದುಂಡಗಿನ ಮರಿಗಳು. ಅವುಗಳ ನೆತ್ತರಿನಲ್ಲಿ ರೋಗದ ಬ್ಯಾಕ್ಟೀರಿಯಾಗಳ ಮೇಲೆ ಬೀಳುವ ಕೆಲವು ಪ್ರೋಟೀನುಗಳಿವೆ. ಅವು ಯಾವುದನ್ನು ಕೊಲ್ಲುತ್ತವೆ, ಯಾವುದನ್ನು ಬಿಡುತ್ತವೆ, ಯಾಕೆ ಬಿಡುತ್ತವೆ ಎಂದು ನೋಡುವುದೇ ನಮ್ಮ ಹೊಟ್ಟೆಪಾಡು.

ಜಗಳಕ್ಕೆ ಕಾರಣ ಮುಚ್ಚಳ. ಹುಳದ ಡಬ್ಬಿಗೆ ತಂತಿ ಬಲೆಯನ್ನೇ ಹಾಕಬೇಕು. ಪ್ಲಾಸ್ಟಿಕ್ ಹಾಕಿದರೆ ಕಡಿದುಕೊಂಡು ಹೊರಬರುತ್ತವೆ. ಶನಿವಾರ ಮಹಾನುಭಾವ ಪ್ಲಾಸ್ಟಿಕ್ ಕಟ್ಟಿ ಮನೆಗೆ ಹೋಗಿದ್ದಾನೆ. ಇವತ್ತು ಬಂದು ನೋಡಿದರೆ ಪರದೆಯ ಮೇಲೆ ಹುಳ, ತಕ್ಕಡಿಯೊಳಗೆ ಹುಳ. ನಮ್ಮ ಮುಖ್ಯಸ್ಥರನ್ನು ನಾವೆಲ್ಲ ದೊಡ್ಡೋರು ಅನ್ನುತ್ತೇವೆ. ಅವರ ಕುರ್ಚಿಯ ದಿಂಬಿನೊಳಗೆ ನಾಲ್ಕು ಹುಳ ಸಂಸಾರ ಹೂಡಿದ್ದವು. ಹೊರಗಿನಿಂದ ಬಂದ ಅತಿಥಿಗಳೆದುರು ದೊಡ್ಡೋರು ಎದ್ದು ನಿಂತ ಪರಿ ನೋಡಬೇಕಿತ್ತು.

ನಾನು ರೇಗಿದೆ. ಟೀ ಹೊತ್ತು, ಎಲ್ಲರೂ ಇದ್ದರು. "ನಿನ್ನ ಕೈಗೆ ಬುದ್ಧಿಯೇ ಇಲ್ಲ. ನೀನು ಮುಟ್ಟಿದ್ದೆಲ್ಲ ಹಾಳು!" ಅಂದೆ.

ಅವನು ನನ್ನನ್ನು ಬಂದ ದಿನದಿಂದ ಅಕ್ಕ ಎನ್ನುತ್ತಿದ್ದ. ಇವತ್ತು, "ಸರಿ ಮೇಡಮ್. ಹಾಗಾದ್ರೆ ಬೇರೆ ಆಗೋಣ," ಅಂದ.

ಆದೆವು. ಫ್ಲಾಸ್ಕು ಅರ್ಧರ್ಧ. ಬ್ಯಾಕ್ಟೀರಿಯಾಗಳಿಗೆ ಉಣಿಸುವ ದ್ರಾವಣಕ್ಕೆ ನಮ್ಮಲ್ಲಿ ಗಂಜಿ ಎನ್ನುತ್ತೇವೆ. ಇನ್ನು ಮೇಲೆ ಅವನ ಗಂಜಿ ಅವನಿಗೆ, ನನ್ನದು ನನಗೆ. ಗಂಜಿಗೆ ಹಾಕುವ ಯೀಸ್ಟ್ ಪುಡಿಯ ಹಳೆಯ ಡಬ್ಬಿಯನ್ನು ಅವನು ಎತ್ತಿಕೊಂಡ. ನಾನು ಉಗ್ರಾಣದಿಂದ ಹೊಸದು ತಂದೆ, ಬೇರೆ ಕಂಪನಿಯದು, ಹಸಿರು ಮುಚ್ಚಳದ್ದು. ಮಂಜಿನ ಪೆಟ್ಟಿಗೆಯಲ್ಲಿದ್ದ ತಾಯಿಸೀಸೆಯ ಬ್ಯಾಕ್ಟೀರಿಯಾ ಮಾತ್ರ ಒಂದೇ. ಅದನ್ನೇ ಹೆಪ್ಪಿನ ಹಾಗೆ ಇಬ್ಬರೂ ಹಂಚಿಕೊಂಡೆವು.

ನೆಮ್ಮದಿಯಾಯಿತು. ಮನೆಗೆ ಬಂದು ಯಾಕೋ ಕಪಾಟನ್ನೆಲ್ಲ ಕೆಳಗಿಳಿಸಿ ಮತ್ತೆ ಜೋಡಿಸಿದೆ.

ಮಾರ್ಚ್ ೯, ಶನಿವಾರ

ಸತ್ತವು! ಒಂದೂ ಉಳಿಯದೆ ಸತ್ತವು!

ಎರಡು ವರ್ಷ ಇದೇ ಬ್ಯಾಕ್ಟೀರಿಯಾದ ಮೇಲೆ ಇದೇ ಹುಳದ ಪ್ರೋಟೀನು ಸುರಿದಿದ್ದೇವೆ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಬ್ಯಾಕ್ಟೀರಿಯಾದ ಸುತ್ತ ಕೊಬ್ಬಿನಿಂದಾದ ಒಂದು ಪೊರೆ ಇರುತ್ತದೆ. ಪ್ರೋಟೀನು ಹೋಗಿ ಆ ಪೊರೆಯ ಮೇಲೆ ಕೂರಬೇಕು, ಕೂತು ತೂತು ಕೊರೆಯಬೇಕು. ಇಷ್ಟು ದಿನ ಕೂರಲು ಹೋಗಿ ಜಾರುತ್ತಿತ್ತು. ತಟ್ಟೆಗೆ ಸವರಿ ಮೂರು ದಿನ ಕಾದರೆ ಚುಕ್ಕೆ ಚುಕ್ಕೆಯಾಗಿ ಮತ್ತೆ ಎದ್ದು ಬರುತ್ತಿದ್ದವು.

ಇವತ್ತು ನನ್ನ ತಟ್ಟೆ ಬೋಳು. ತೊಳೆದಿಟ್ಟ ಕನ್ನಡಿಯಂತೆ ಬೋಳು. ಪಾಲಾದ ಮೇಲೆ ಮಾಡಿದ ಮೊದಲ ಪ್ರಯೋಗ ಇದು. ಆ ಕೈ ದೂರವಾಗಿದ್ದೇ ತಡ, ಕೆಲಸ ಕೈಗೂಡಿತು. ಇದಕ್ಕಿಂತ ಸಾಕ್ಷಿ ಬೇಕೆ?

ಅತ್ತೆಗೆ ಹೇಳಿದೆ. ಅವರು ಮೆಟ್ಟಿಲಿನಿಂದ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ನಡುಮನೆಯ ಮಂಚದಲ್ಲಿ ಕೂತಿದ್ದಾರೆ. ಅವರ ಮಗ, ಅಂದರೆ ನಮ್ಮ ಯಜಮಾನರು, ಹಡಗಿನ ಕೆಲಸದಲ್ಲಿ ಸಮುದ್ರದ ಮೇಲೆ, ಇಲ್ಲಿ ನಾವಿಬ್ಬರೇ.

"ಏನು ಸತ್ತವು ಅಂದೆ?"

"ಬ್ಯಾಕ್ಟೀರಿಯಾ ಅತ್ತೆ."

"ಪಾಪ," ಅಂದು ಅತ್ತೆ ಕಾಲು ಕೆರೆದುಕೊಳ್ಳಲು ಹೆಣಿಗೆಯ ಕಡ್ಡಿ ಕೇಳಿದರು.

ಮಾರ್ಚ್ ೧೪, ಗುರುವಾರ

ಮತ್ತೆ ಮಾಡಿದೆ, ಮತ್ತೆ ಬೋಳು. ದೊಡ್ಡೋರು ತಟ್ಟೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಭೇಷ್" ಅಂದರು. ಮುಂದಿನ ಸಮ್ಮೇಳನಕ್ಕೆ ಇವತ್ತೇ ಸಾರಾಂಶ ಕಳಿಸಿಬಿಟ್ಟರು: ಮೇಣದ ಹುಳದ ಪ್ರೋಟೀನು ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕೀಟಕೋಣೆಗೆ ಇನ್ನು ನೀನೇ ಮುಖ್ಯಸ್ಥೆ ಅಂತಲೂ ಬಾಯಿಮಾತಿನಲ್ಲಿ ಅಂದರು.

ಆಮೇಲೆ, "ಇನ್ನೊಂದು ಕೈಯಲ್ಲೂ ಇದು ಬರಬೇಕಮ್ಮ. ಅವನಿಗೂ ಮಾಡಕ್ಕೆ ಹೇಳ್ತೀನಿ," ಅಂದು ಟೇಪಿನ ಆಚೆ ನೋಡಿದರು. ಅರ್ಧಟೀ ತಲೆಯಾಡಿಸಿದ. ನನ್ನ ಕಡೆ ತಿರುಗಲಿಲ್ಲ.

ಸಂತೋಷದ ದಿನ. ಆದರೂ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಕಾಲಿಗೆ ಪ್ಲಾಸ್ಟರ್ ಅತ್ತೆಗೆ, ಕೆರೆತ ನನಗೆ.

ಮಾರ್ಚ್ ೧೯, ಮಂಗಳವಾರ

ಅರ್ಧಟೀಯ ತಟ್ಟೆಯ ತುಂಬ ಚುಕ್ಕೆ. ಒಂದಲ್ಲ, ಮೂರು ತಟ್ಟೆ. ರಾಗಿ ಚೆಲ್ಲಿದ ಹಾಗೆ. ನನ್ನದೇ ಪ್ರೋಟೀನು ಕೊಟ್ಟಿದ್ದೆ, ಅದೇ ತಾಯಿಸೀಸೆಯ ಬ್ಯಾಕ್ಟೀರಿಯಾ.

ದೊಡ್ಡೋರು ನನ್ನೊಬ್ಬಳನ್ನೇ ಒಳಗೆ ಕರೆದರು. ಹುಳ ಹೊಕ್ಕ ದಿಂಬು ಹೋಗಿ ಹೊಸ ದಿಂಬು ಬಂದಿದೆ. ಆದರೂ ಕೂರುವ ಮೊದಲು ಒಮ್ಮೆ ತಟ್ಟಿ ನೋಡುತ್ತಾರೆ.

"ಇದೇನಮ್ಮ ಹೀಗೆ? ನೀನೇನಂತೀಯ?"

ಏನನ್ನಬೇಕಿತ್ತು? ಗೊತ್ತಿಲ್ಲ ಅನ್ನಬಹುದಿತ್ತು. ಇನ್ನೊಮ್ಮೆ ನೋಡೋಣ ಅನ್ನಬಹುದಿತ್ತು. "ಅವನ ಕೈ ಗೊತ್ತಲ್ಲ ಸಾರ್," ಅಂದೆ. ಅಷ್ಟೇ.

ಅವರು ಪೆನ್ನು ಮುಚ್ಚಿಟ್ಟರು. "ಈ ತಿಂಗಳ ಕೊನೆಗೆ ಅವನ ಅವಧಿ ಮುಗಿಯುತ್ತೆ. ಮುಂದುವರಿಸೋದು ಬೇಡ ಬಿಡು. ಸಮ್ಮೇಳನದ ಹೊತ್ತಿಗೆ ಎರಡು ನಾಲಿಗೆ ಇರಬಾರದು."

ಬಂದು ಕೂತೆ. ಹೇಳಿದ್ದು ಸುಳ್ಳಲ್ಲ. ಮುಚ್ಚಳದ ಕಥೆ ಎಲ್ಲರೂ ಕಂಡದ್ದೇ. ಸಂಜೆ ಬಸ್ಸಿನಲ್ಲಿ ಇಳಿಯುವ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ, ನಡೆದುಕೊಂಡು ವಾಪಸು ಬಂದೆ.

ಮಾರ್ಚ್ ೨೦, ಬುಧವಾರ

ಒಂದೇ ಫ್ಲಾಸ್ಕನ್ನು ಮತ್ತೆ ಮತ್ತೆ ತೊಳೆದೆ. ಬರೆಯಲು ಬೇರೇನೂ ಇಲ್ಲ.

ಮಾರ್ಚ್ ೨೨, ಶುಕ್ರವಾರ

ಅರ್ಧಟೀಗೆ ವಿಷಯ ತಿಳಿದಿದೆ. ನನ್ನ ಮಾತು ತಿಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೆಳಿಗ್ಗೆ ಹುಳದ ನೆತ್ತರು ತೆಗೆಯುತ್ತಿದ್ದೆ. ಕಾಲಿನ ಬುಡಕ್ಕೆ ಸೂಜಿ ತಾಗಿಸಿದರೆ ಜೇನಿನ ಬಣ್ಣದ ಒಂದು ಹನಿ ಬರುತ್ತದೆ. ತಕ್ಷಣ ಮಂಜಿನ ಮೇಲೆ ಇಡದಿದ್ದರೆ ಗಾಳಿ ತಾಗಿ ಕಪ್ಪಾಗುತ್ತದೆ. ಅವನು ಪಕ್ಕದಲ್ಲಿ ಹಾದುಹೋದ. ನಾನು ಅತ್ತ ನೋಡಿದೆ. ತಿರುಗಿದಾಗ ಹನಿ ಕಪ್ಪು. ಹಾಗೆ ಆರು ಹನಿ ಕಳೆದೆ.

ಸಂಜೆ ಅತ್ತೆ, "ಟೀವಿ ಬೇಜಾರು ಕಣೆ. ನಿಮ್ಮಜ್ಜಿ ಕಥೆ ಯಾವುದಾದ್ರೂ ಹೇಳು," ಅಂದರು. ನಾಲಿಗೆಗೆ ಬಂದದ್ದು ಹೇಳತೊಡಗಿದೆ.

"ಒಂದೂರಲ್ಲಿ ಒಬ್ಬಳು ಮುದುಕಿ. ಅವಳಿಗೆ ಇಬ್ಬರು ಸೊಸೇರು."

"ಮುದುಕಿ ಒಳ್ಳೆಯವಳೋ ಕೆಟ್ಟವಳೋ ಮೊದಲು ಹೇಳಿಬಿಡು. ಆಮೇಲೆ ನನಗೆ ಚುಚ್ಚಿದೆ ಅಂತ ಆಗಬಾರದು."

"ಒಳ್ಳೆಯವಳೇ ಅತ್ತೆ. ಸೊಸೇರು ಜಗಳ ಆಡಿ ಒಲೆ ಬೇರೆ ಮಾಡಿಕೊಂಡ್ರು. ಹಸು ಒಂದೊಂದು. ಹೆಪ್ಪು ಮಾತ್ರ ಮುದುಕಿಯ ಹಳೇ ಗಡಿಗೆಯದ್ದೇ, ಇಬ್ಬರಿಗೂ ಅರ್ಧರ್ಧ. ಮಾರನೇ ದಿನ ನೋಡಿದ್ರೆ ಕಿರಿಯವಳ ಮೊಸರು ಕಲ್ಲಿನ ಹಾಗೆ ಗಟ್ಟಿ, ಹಿರಿಯವಳದ್ದು ನೀರೋ ನೀರು. ಕಿರಿಯವಳು ಊರೆಲ್ಲ ಸಾರಿಕೊಂಡು ಬಂದಳು: ಅವಳ ಕೈಯೇ ಸರಿಯಿಲ್ಲ, ಅವಳು ಮುಟ್ಟಿದ್ದೆಲ್ಲ ಹಾಳು..."

"ಆಮೇಲೆ?"

"ಹಿರಿಯವಳ ಮನೆಯಿಂದ ಜನ ಹೆಪ್ಪು ಇಸ್ಕೊಳ್ಳೋದು ಬಿಟ್ರು. ಗಂಡ ತವರಿಗೆ ಕಳಿಸ್ತೀನಿ ಅಂತ ಗಾಡಿ ಕಟ್ಟಿದ."

ಅಷ್ಟರಲ್ಲಿ ಹಡಗಿನಿಂದ ಯಜಮಾನರ ಫೋನು ಬಂತು. ತಾಯಿ ಮಗ ಪ್ಲಾಸ್ಟರಿನ ವಿಷಯ ಮಾತಾಡುತ್ತ ಕೂತರು. ಕಥೆ ಅರ್ಧಕ್ಕೇ ನಿಂತಿತು. ನನಗೂ ಮುಂದೆ ಹೇಳುವ ಮನಸ್ಸಿರಲಿಲ್ಲ, ಯಾಕೋ.

ಮಾರ್ಚ್ ೨೯, ಶುಕ್ರವಾರ

ಅರ್ಧಟೀ ಹೋದ.

ತನ್ನ ಸಾಮಾನು ಒಂದೇ ರಟ್ಟಿನ ಪೆಟ್ಟಿಗೆಗೆ ಹಿಡಿಸಿಕೊಂಡ. ಉಳಿದ ಗಂಜಿಯ ಫ್ಲಾಸ್ಕುಗಳನ್ನು ಸಾಲಾಗಿ ಶೀತಪೆಟ್ಟಿಗೆಯಲ್ಲಿಟ್ಟು, "ಇನ್ನೂ ಚೆನ್ನಾಗಿದೆ, ಚೆಲ್ಲೋದು ಬೇಡ, ಯಾರಿಗಾದ್ರೂ ಆಗುತ್ತೆ," ಅಂತ ಎಲ್ಲರಿಗೂ ಕೇಳುವಂತೆ ಹೇಳಿದ. ಎಲ್ಲರ ಕೈ ಕುಲುಕಿದ. ನನ್ನ ಬಳಿ ಬಂದು, "ಹುಳಗಳಿಗೆ ಬಲೆಯ ಮುಚ್ಚಳವೇ ಹಾಕಿದ್ದೀನಿ ಮೇಡಮ್. ನೋಡಿಕೊಳ್ಳಿ," ಅಂದ.

"ನೋಡಿದೆ," ಅಂದೆ.

ನೋಡಿರಲಿಲ್ಲ. ಆಮೇಲೆ ಹೋಗಿ ನೋಡಿದೆ. ಬಲೆಯ ಅಂಚನ್ನು ಎರಡು ಸುತ್ತು ದಾರದಿಂದ ಕಟ್ಟಿದ್ದ.

ಸಿಂಕಿನ ಪಕ್ಕ ಅರ್ಧ ಲೋಟ ಟೀ ಇತ್ತು. ಇಷ್ಟು ದಿನ ಬೈದುಕೊಂಡು ಚೆಲ್ಲಿ ತೊಳೆಯುತ್ತಿದ್ದೆ. ಇವತ್ತು ಅದು ಅಲ್ಲೇ ಇರಲಿ ಅಂತ ಬಿಟ್ಟೆ.

ಏಪ್ರಿಲ್ ೨, ಮಂಗಳವಾರ

ನನ್ನ ಹಸಿರು ಮುಚ್ಚಳದ ಡಬ್ಬಿ ಖಾಲಿ. ಉಗ್ರಾಣದವನು ಬರುವ ವಾರ ಅಂತಾನೆ. ಅವನ ಬರುವ ವಾರ ಎಂಬುದು ಕೋಳಿಗೆ ಹಲ್ಲು ಬಂದ ವಾರ. ದೊಡ್ಡೋರಿಗೆ ಸಮ್ಮೇಳನದ ಮೊದಲು ಇನ್ನೊಂದು ಸುತ್ತಿನ ತಟ್ಟೆಗಳು ಬೇಕು. ಶೀತಪೆಟ್ಟಿಗೆ ತೆರೆದೆ, ಅವನ ಫ್ಲಾಸ್ಕು ತೆಗೆದೆ. ಗಂಜಿ ಗಂಜಿಯೇ ತಾನೇ. ತಾಯಿಸೀಸೆಯ ಹೆಪ್ಪು ಹಾಕಿದೆ, ಪ್ರೋಟೀನು ಬೆರೆಸಿದೆ, ತಟ್ಟೆಗೆ ಸವರಿದೆ. ಮೂರು ದಿನ ಕಾಯಬೇಕು.

ಸಿಂಕಿನ ಪಕ್ಕದ ಟೀಯ ಮೇಲೆ ದಪ್ಪಗೆ ಕೆನೆ ಕಟ್ಟಿದೆ. ಲೋಟ ಓರೆ ಮಾಡಿದರೂ ಹರಿಯುವುದಿಲ್ಲ.

ಏಪ್ರಿಲ್ ೫, ಶುಕ್ರವಾರ

ಚುಕ್ಕೆ. ನನ್ನ ತಟ್ಟೆಯ ತುಂಬ ಚುಕ್ಕೆ.

ನನ್ನ ಕೈ. ನನ್ನ ಪ್ರೋಟೀನು. ನನ್ನ ತಟ್ಟೆ.

ಯಾರೂ ನೋಡಲಿಲ್ಲ. ತಟ್ಟೆಗಳನ್ನು ಸುಡುವ ಕಸದ ಕೆಂಪು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ರೋಗಾಣು ಸಾಯಲು ಆವಿಯಲ್ಲಿ ಬೇಯಿಸುವ ಯಂತ್ರಕ್ಕೆ ಒಪ್ಪಿಸಿದೆ. ಪ್ರೋಟೀನು ಹಳಸಿರಬೇಕು ಅಂದುಕೊಂಡೆ. ಹೊಸ ಹುಳಗಳಿಂದ ಹೊಸದಾಗಿ ನೆತ್ತರು ತೆಗೆದು, ಹೊಸ ಪ್ರೋಟೀನು ಮಾಡಿ, ಮತ್ತೆ ಹಾಕಿದ್ದೇನೆ. ಕೈಗಳನ್ನು ಮೊಣಕೈವರೆಗೆ ಉಜ್ಜಿ ತೊಳೆದೆ. ದೊಡ್ಡೋರು ಬಾಗಿಲಲ್ಲಿ ಬಂದು, "ಆಯ್ತೇನಮ್ಮ?" ಅಂದರು. "ಆಗ್ತಾ ಇದೆ ಸಾರ್," ಅಂದೆ.

ಏಪ್ರಿಲ್ ೭, ಭಾನುವಾರ

ರಜಾದಿನ. ಮನೆಯ ಎಲ್ಲ ಪರದೆ ಒಗೆದೆ. ಒಣಗಿದ ಮೇಲೆ ಎರಡನ್ನು ಮತ್ತೆ ಒಗೆದೆ. ಅತ್ತೆ, "ಪರದೆಗೆ ಏನು ಪಾಪ ಅಂಟಿದೆ?" ಅಂದರು.

ಏಪ್ರಿಲ್ ೮, ಸೋಮವಾರ

ಮತ್ತೆ ಚುಕ್ಕೆ. ಇನ್ನೂ ಹೆಚ್ಚು.

ಕೆಂಪು ಚೀಲ ಕೈಯಲ್ಲಿತ್ತು. ಹಾಕಿಬಿಟ್ಟರೆ ಮುಗಿಯಿತು. ಹೊಸ ಡಬ್ಬಿ ಬರುವವರೆಗೆ ಸುಮ್ಮನಿದ್ದರೂ ಮುಗಿಯಿತು. ಆ ಹುಡುಗ ಹೇಗೂ ಹೋಗಿಯಾಗಿದೆ, ಸಾರಾಂಶ ಹೋಗಿಯಾಗಿದೆ. ಹಾಕಲಿಲ್ಲ. ಧೈರ್ಯ ಅಂತ ಅಲ್ಲ. ಅವನ ಕೈಗೆ ಬಂದ ರೋಗ ನನ್ನ ಕೈಗೂ ಹೇಗೆ ಬಂತು ಎಂಬುದು ತಿಳಿಯದೆ ಊಟ ಇಳಿಯುವುದಿಲ್ಲ, ಅದಕ್ಕೆ. ತಟ್ಟೆಗಳನ್ನು, ಅವು ಬೆಳೆಯಲು ಇಡುವ ಬೆಚ್ಚನೆಯ ಪೆಟ್ಟಿಗೆಯ ಹಿಂದುಗಡೆ ಇಟ್ಟು ಬಂದೆ.

ಸಂಜೆ ಅತ್ತೆಯ ಕಾಲಿನ ಕೆಳಗೆ ದಿಂಬು ಸರಿಮಾಡುತ್ತಿದ್ದೆ.

"ಆ ಗಾಡಿ ಕಟ್ಟಿದವನು ಏನಾದ ಕಣೆ?"

"ಯಾವ ಗಾಡಿ?"

"ಹಿರೀ ಸೊಸೆಯನ್ನ ತವರಿಗೆ ಕಳಿಸೋಕೆ. ಅರ್ಧಕ್ಕೆ ಬಿಟ್ಟೆಯಲ್ಲ. ಎರಡು ವಾರದಿಂದ ಆ ಹೆಂಗಸು ಗಾಡಿಯಲ್ಲೇ ಕೂತಿದ್ದಾಳೆ. ಇಳಿಸೋದಾದ್ರೆ ಇಳಿಸು, ಕಳಿಸೋದಾದ್ರೆ ಕಳಿಸು."

ನಗು ಬಂತು. ಹೇಳಿದೆ. "ಮುದುಕಿ ಬಂದು ಗಾಡಿಗೆ ಅಡ್ಡ ನಿಂತಳು ಅತ್ತೆ. ಇಬ್ಬರು ಸೊಸೇರನ್ನೂ ಕರೆದು, ಇವತ್ತು ನೀನು ಅವಳ ಹಸು ಕರೆ, ಅವಳು ನಿನ್ನ ಹಸು ಕರೀಲಿ, ಅಂದಳು. ಕರೆದ್ರು, ಕಾಯಿಸಿದ್ರು, ಹೆಪ್ಪು ಹಾಕಿದ್ರು. ಬೆಳಿಗ್ಗೆ ನೋಡಿದ್ರೆ ಹಿರಿಯವಳ ಮೊಸರು ಗಟ್ಟಿ, ಕಿರಿಯವಳದ್ದು ನೀರು. ಒಂದು ಹಸು ಹಿಂಡಿ ತಿಂದಿತ್ತು, ಇನ್ನೊಂದು ಬರೀ ಒಣ ಹುಲ್ಲು ತಿಂದಿತ್ತು. ಕೈಯದೇನೂ..."

"ಕೈಯದೇನೂ?" ಅಂದರು ಅತ್ತೆ.

ದಿಂಬು ಕೈಯಲ್ಲೇ ಇತ್ತು. ಎರಡು ಹಸು, ಎರಡು ಡಬ್ಬಿ.

"ಏನೇ, ಮತ್ತೆ ಗಾಡಿ ನಿಲ್ಲಿಸಿದೆಯಾ?"

ಏಪ್ರಿಲ್ ೯, ಮಂಗಳವಾರ

ಉಗ್ರಾಣದವನ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. "ಮೇಡಮ್, ನೀವು ಹೀಗೆ ಕೂತ್ರೆ ನನಗೆ ಊಟ ಸೇರಲ್ಲ," ಅಂದ. "ನನಗೆ ಸೇರದೆ ಬಹಳ ದಿನ ಆಯ್ತು," ಅಂದೆ. ಮಧ್ಯಾಹ್ನಕ್ಕೆ ಹಸಿರು ಮುಚ್ಚಳ ಬಂತು.

ಒಂದೇ ಹೆಪ್ಪು ಎರಡು ಫ್ಲಾಸ್ಕಿಗೆ. ಒಂದು ಅವನ ಗಂಜಿ, ಒಂದು ನನ್ನದು. ಪ್ರೋಟೀನು ಒಂದೇ, ಕೈ ಒಂದೇ. ಹಾಕಿದ್ದೇನೆ. ಇನ್ನು ಮೂರು ದಿನ. ಅಜ್ಜಿಯ ಕಥೆಯಲ್ಲಿ ಮೊಸರಿಗೆ ಒಂದು ರಾತ್ರಿ ಸಾಕಿತ್ತು.

ಏಪ್ರಿಲ್ ೧೨, ಶುಕ್ರವಾರ

ಅವನ ಗಂಜಿಯದು ಚುಕ್ಕೆ ಚುಕ್ಕೆ. ನನ್ನ ಗಂಜಿಯದು ಬೋಳು.

ಡಬ್ಬಿಯೇ. ಮೇಲಿಂದ ಒಂದೇ ಪುಡಿ, ಒಂದೇ ಬಣ್ಣ, ಒಂದೇ ವಾಸನೆ. ಒಳಗೆ ಏನೋ ಇದೆ. ನನ್ನ ಡಬ್ಬಿಯ ಕಂಪನಿಯವರಿಗೆ ಫೋನು ಮಾಡಿ ಒಳಗೆ ಏನೇನು ಎಷ್ಟೆಷ್ಟು ಅಂತ ಕೇಳಿದೆ. ಕೋಲೀನ್ ಎಂಬ ಪದಾರ್ಥ ಇದರಲ್ಲಿ ಬಹಳ ಹೆಚ್ಚಂತೆ. ಈ ಬ್ಯಾಕ್ಟೀರಿಯಾ ಸಿದ್ಧ ಕೋಲೀನ್ ಸಿಕ್ಕಿದರೆ ಎತ್ತಿಕೊಂಡು ತನ್ನ ಪೊರೆಯ ಕೊಬ್ಬಿಗೆ ಸೇರಿಸಿಕೊಳ್ಳುತ್ತದೆ. ಇದು ನಮಗೆ ಓದಿ ಗೊತ್ತಿದ್ದ ಸಂಗತಿಯೇ. ತಿಂದದ್ದು ತೊಗಲಾಗುತ್ತದೆ. ತೊಗಲು ಬದಲಾದರೆ ಹುಳದ ಪ್ರೋಟೀನಿಗೆ ಕೂರಲು ಜಾಗ ಸಿಗುತ್ತದೆ. ಕೂತರೆ ತೂತು. ಸಿಗದಿದ್ದರೆ ಜಾರಿಕೆ.

ಅಂದರೆ ಅವನ ತಟ್ಟೆಯೂ ನಿಜ, ನನ್ನ ತಟ್ಟೆಯೂ ನಿಜ. ನಾವು ಪಾಲಾಗದಿದ್ದರೆ ಎರಡು ಡಬ್ಬಿ ಇರುತ್ತಿರಲಿಲ್ಲ. ಸುಳ್ಳು ಇದ್ದದ್ದು ದೊಡ್ಡೋರ ಕೋಣೆಯಲ್ಲಿ ನಾನಾಡಿದ ಒಂದು ಮಾತಿನಲ್ಲಿ ಮಾತ್ರ.

ಸಿಂಕಿನ ಪಕ್ಕದ ಲೋಟ ತೊಳೆದಿಟ್ಟೆ.

ಏಪ್ರಿಲ್ ೧೩, ಶನಿವಾರ

ಅವನ ಮನೆಗೆ ಹೋದೆ. ನಾಲ್ಕನೆಯ ಮಹಡಿ, ಲಿಫ್ಟಿಲ್ಲ. ಬಾಗಿಲು ತೆರೆದವಳು ಅವನ ಹೆಂಡತಿ.

"ನೀವೇನಾ ಆ ಮೇಡಮ್?" ಅಂದಳು.

"ಹೌದಮ್ಮ, ನಾನೇ ಆ."

ಒಳಗೆ ಬನ್ನಿ ಅನ್ನಲಿಲ್ಲ. "ಕೆಳಗೆ ಸೈಕಲ್ ರಿಪೇರಿ ಮಾಡ್ತಿದ್ದಾರೆ. ನಿಮ್ಮ ಕಣ್ಣೆದುರೇ ಇದ್ರು ಅಲ್ವಾ, ಕಾಣಲಿಲ್ವಾ?" ಅಂದಳು.

ಕಂಡಿರಲಿಲ್ಲ. ಇಳಿದೆ. ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಅವನು ಚೈನು ಬಿಚ್ಚಿ ಎಣ್ಣೆ ಹಾಕುತ್ತಿದ್ದ. ನೋಡಿ ಎದ್ದು ನಿಂತ, ಕೈ ಕಪ್ಪು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ: ಡಬ್ಬಿ, ಕೋಲೀನ್, ಚುಕ್ಕೆ, ಬೋಳು. ದೊಡ್ಡೋರೆದುರು ಆಡಿದ ಮಾತನ್ನೂ ಹೇಳಿದೆ. ಅದನ್ನು ಹೇಳುವಾಗ ಚೈನಿನ ಕಡೆ ನೋಡುತ್ತಿದ್ದೆ.

ಅವನು ಬಹಳ ಹೊತ್ತು ಪೆಡಲು ತಿರುಗಿಸಿದ. ಚೈನು ಸರಿಯಾಗಿ ಕೂತಿತ್ತು, ಆದರೂ ತಿರುಗಿಸಿದ.

"ನಾನು ಮೂರು ಸಲ ಮಾಡಿದೆ ಮೇಡಮ್. ಮೂರನೇ ಸಲ ನನಗೇ ನನ್ನ ಕೈ ಮೇಲೆ ಅನುಮಾನ ಬಂತು. ಮನೇಲಿ ಲೋಟ ಹಿಡಿಯೋಕೂ ಎರಡು ಕೈ ಬಳಸ್ತಿದ್ದೆ."

"ತಪ್ಪಾಯ್ತು ಕಣಪ್ಪ. ಸೋಮವಾರ ಬಾ. ನನ್ನ ಡಬ್ಬಿಯಲ್ಲಿ ನೀನು ಮಾಡು. ನಿನ್ನ ಕೈಯಲ್ಲೂ ಬೋಳು ಬರುತ್ತೆ. ಆಗ ಯಾರೂ ಏನೂ ಅನ್ನೋ ಹಾಗಿಲ್ಲ."

"ನನಗೆ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಒಂದನೇ ತಾರೀಖಿಂದ."

"ಅದಕ್ಕೆ ಇನ್ನೂ ಸಮಯ ಇದೆ."

"ಇನ್ನೊಂದು ಮಾತು," ಅಂದ. ಮೆಲ್ಲಗೇ ಅಂದ, ಅವನಿಗೆ ಜೋರು ಬರುವುದಿಲ್ಲ. "ನನ್ನ ಕೈಗೆ ಬುದ್ಧಿ ಇಲ್ಲ ಅಂತ ನೀವು ಅಂದಿದ್ದು ಟೀ ಹೊತ್ತಲ್ಲಿ, ಎಲ್ಲರೆದುರು. ತಪ್ಪಾಯ್ತು ಅಂತ ಹೇಳ್ತಿರೋದು ಇಲ್ಲಿ, ಮೆಟ್ಟಿಲ ಕೆಳಗೆ."

ಕೆಳಗೆ ಬಿದ್ದಿದ್ದ ಎಣ್ಣೆಬಟ್ಟೆ ಎತ್ತಿ ಅವನ ಕೈಗೆ ಕೊಟ್ಟೆ. ಬಂದೆ.

ಏಪ್ರಿಲ್ ೧೪, ಭಾನುವಾರ

ಇಡೀ ದಿನ ಮನೆಯೊಳಗೆ ಸುತ್ತಿದೆ. ಅತ್ತೆ ಕೊನೆಗೆ, "ಕೂತ್ಕೊಳ್ಳೆ, ನಿನ್ನ ನೋಡಿ ನೋಡಿ ನನ್ನ ಮುರಿದ ಕಾಲೂ ನಡೆಯೋಕೆ ಶುರುಮಾಡುತ್ತೆ," ಅಂದರು.

ಏಪ್ರಿಲ್ ೧೫, ಸೋಮವಾರ

ಟೀ ಹೊತ್ತು. ಎಲ್ಲರೂ ಇದ್ದರು. ಅವನೂ ಬಂದು ಬಾಗಿಲ ಬಳಿ ನಿಂತಿದ್ದ, ನೆಂಟನ ಹಾಗೆ, ಚೀಲ ಹೆಗಲಿಂದ ಇಳಿಸದೆ.

ಲೋಟ ಕೆಳಗಿಟ್ಟೆ. "ಅವತ್ತು ಇದೇ ಜಾಗದಲ್ಲಿ ಇವನ ಕೈಗೆ ಬುದ್ಧಿ ಇಲ್ಲ ಅಂದಿದ್ದೆ. ಇಲ್ಲದ್ದು ನನ್ನ ಬಾಯಿಗೆ. ಇವನ ತಟ್ಟೆ ಸರಿಯಾಗಿತ್ತು," ಅಂದೆ. ಆಮೇಲೆ ಡಬ್ಬಿಗಳ ಕಥೆ ಹೇಳಿ, ಎರಡೂ ಗಂಜಿಯ ತಟ್ಟೆಗಳನ್ನು ಮೇಜಿನ ಮೇಲಿಟ್ಟೆ.

ದೊಡ್ಡೋರು ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಈ ಸಲ ಭೇಷ್ ಅನ್ನಲಿಲ್ಲ.

"ಕೊಲ್ಲುತ್ತೆ ಅಂತ ಬರೆದು ಕಳಿಸಿ ಆಗಿದೆಯಲ್ಲಮ್ಮ."

"ವಾಪಸು ತಗೋಬೇಕು ಸಾರ್. ಕೊಲ್ಲುತ್ತೆ ಅಂತ ಅಲ್ಲ. ಏನು ಉಂಡಿದೆ, ಅದರಿಂದ ಪೊರೆ ಹೇಗಾಗಿದೆ, ಅದರ ಮೇಲೆ."

"ಸಮ್ಮೇಳನ ಹೋಯ್ತು ಹಾಗಾದ್ರೆ."

"ಹೋಯ್ತು ಸಾರ್."

"ಮುಖ್ಯಸ್ಥೆ ವಿಷಯ ಆಮೇಲೆ ನೋಡೋಣ," ಅಂದರು. ದೊಡ್ಡೋರ 'ನೋಡೋಣ' ಎಂದರೆ ಏನೆಂದು ನನಗೆ ಗೊತ್ತು. ಇರಲಿ. ಆಮೇಲೆ ಬಾಗಿಲ ಕಡೆ ತಿರುಗಿ, "ನೀನೇನಪ್ಪ ಅಲ್ಲೇ ನಿಂತಿದ್ದೀಯ? ಇವಳ ಡಬ್ಬಿಯಲ್ಲಿ ನೀನು ಮಾಡಿ ತೋರಿಸು. ನಿನ್ನದು ಹೊಂದಿದ್ರೆ ಈ ಕೆಲಸಕ್ಕೆ ನೀನೂ ಬೇಕು, ನಿನ್ನ ಹಳೇ ಡಬ್ಬಿಯೂ ಬೇಕು," ಅಂದರು.

ಅವನು ಚೀಲ ಇಳಿಸಿದ.

ಏಪ್ರಿಲ್ ೧೮, ಗುರುವಾರ

ಅವನ ಕೈಯಲ್ಲಿ ಬೋಳು. ಅವನು ತಟ್ಟೆಯನ್ನು ನೋಡಲಿಲ್ಲ, ತನ್ನ ಅಂಗೈ ನೋಡಿಕೊಂಡ.

ಏಪ್ರಿಲ್ ೨೪, ಬುಧವಾರ

ಇವತ್ತು ಅತ್ತೆಯ ಪ್ಲಾಸ್ಟರ್ ತೆಗೆದರು. ಬೆಳ್ಳಗೆ ಬಾಡಿದ ಕಾಲು ನೋಡಿಕೊಂಡು, "ಇದೇನೇ, ನಿನ್ನ ಹುಳದ ಹಾಗಿದೆ," ಅಂದರು. ಆಸ್ಪತ್ರೆಯಿಂದ ಅವರನ್ನು ಮನೆಗೆ ಬಿಟ್ಟು ಮಧ್ಯಾಹ್ನ ಕೆಲಸಕ್ಕೆ ಹೋದೆ.

ಹಳೆಯ ಡಬ್ಬಿಯ ಗಂಜಿಗೆ ಶುದ್ಧ ಕೋಲೀನ್ ಮಾತ್ರ ಸೇರಿಸಿ ಮಾಡಿದ್ದೆವು. ಅಲ್ಲೂ ಸತ್ತವು. ಕೆಳಮಹಡಿಯ ಪ್ರಯೋಗಾಲಯದವರು ಎರಡೂ ಪೊರೆಗಳ ಕೊಬ್ಬು ಅಳೆದು ಕೊಡುತ್ತೇವೆ ಅಂದಿದ್ದಾರೆ. ಔಷಧಿ ಅಂಗಡಿಯವನಿಗೆ ಬರುವುದಿಲ್ಲ ಎಂದು ಇವನು ಹೇಳಿಬಂದಿದ್ದಾನಂತೆ. ಮೇಲಿನವರು ಇವನ ಅವಧಿ ಮುಂದುವರಿಸಲು ಒಪ್ಪಿಗೆ ಕೊಟ್ಟಿದ್ದಾರೆ.

ಹಳದಿ ಟೇಪು ಕೀಳಬೇಕು ಅಂತಿದ್ದೆ. ಕೀಳುವ ಹಾಗಿಲ್ಲ. ಈಗ ನಿಜವಾಗಿ ಎರಡು ಒಲೆ ಬೇಕು: ಆಚೆ ಹಳೆಯ ಡಬ್ಬಿ, ಈಚೆ ಹೊಸ ಡಬ್ಬಿ, ಒಂದರ ಪುಡಿ ಒಂದಕ್ಕೆ ಬಿದ್ದರೆ ಎಲ್ಲ ನೀರಲ್ಲಿ ಹೋಮ. ಚಮಚಗಳಿಗೂ ಗುರುತು ಮಾಡಿದೆವು, ಅದಕ್ಕೆ ಕೆಂಪು ದಾರ, ಇದಕ್ಕೆ ಹಸಿರು.

ಸಂಜೆ ತಿರುಗಿ ನೋಡಿದರೆ ಹಸಿರು ದಾರದ ಚಮಚ ಹಳೆಯ ಡಬ್ಬಿಯೊಳಗೆ ಹೋಗುತ್ತಿದೆ! ಓಡಿ ಹೋಗಿ ಹಿಡಿದೆ. ಪಡಸಾಲೆಗೆ ಕೇಳುವಂತೆ ಕೂಗಿದೆ.

"ಏಯ್, ನಿನ್ನ ಕೈಗೆ ಬು..."

ಅಲ್ಲಿಗೇ ನುಂಗಿಕೊಂಡೆ. ಪಕ್ಕದ ಮೇಜಿನವರೆಲ್ಲ ನೋಡುತ್ತಿದ್ದರು.

ಅವನು ಚಮಚವನ್ನು ಮೇಜಿನ ಮೇಲಿಟ್ಟ. ಸಿಂಕಿನ ಪಕ್ಕದ ಅರ್ಧ ಲೋಟ ಟೀಯ ಕಡೆ ನೋಡಿದ, ನನ್ನ ಕಡೆ ನೋಡಿದ.

"ಪೂರ್ತಿ ಹೇಳಿ ಅಕ್ಕಾ," ಅಂದ. "ಅರ್ಧಕ್ಕೆ ಬಿಡೋದು ನನ್ನ ಕೆಲಸ."